ಮಾಕಾ ಎಂಬ ಎಮ್ಮೆ

ನಮ್ಮ ಮನೆಯಲ್ಲಿ ಎರಡು ಭಾಷೆ ನಡೆಯುತ್ತಿದ್ದವು. ಒಂದು ಮನುಷ್ಯರ ಜೊತೆ, ಇನ್ನೊಂದು ಎಮ್ಮೆಯ ಜೊತೆ. ಮನುಷ್ಯರ ಜೊತೆಗಿನದು ಮುಂಡಗೋಡದ ಕಡೆಯ ನಮ್ಮ ಕನ್ನಡ. ಎಮ್ಮೆಯ ಜೊತೆಗಿನದು ಅವ್ವನ ಕೊಂಕಣಿ. ಅಪ್ಪ ಗೌಂಡಿ. ಮದುವೆಗೆ ಮುಂಚೆ ಅಂಬಿಕಾನಗರದ ಕಡೆ ಗೋಡೆ ಕಟ್ಟಲು ಹೋಗಿದ್ದವನು ಜೊಯಿಡಾದ ಕಾಡಿನೊಳಗಿನ ಒಂದು ಹಳ್ಳಿಯಿಂದ ಅವ್ವನನ್ನು ಮದುವೆಯಾಗಿ ಕರೆದುಕೊಂಡು ಬಂದ. ಹಿಂದಿನಿಂದ ಅವ್ವನ ಅಣ್ಣ ಒಂದು ಎಮ್ಮೆಗರುವನ್ನು ಟೆಂಪೋದಲ್ಲಿ ತಂದು ಬಿಟ್ಟು ಹೋದನಂತೆ. ತವರಿನಿಂದ ಬಂದದ್ದು ಅದೊಂದೇ. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿಗೆ ಕೊಂಕಣಿ ತಿಳಿಯುತ್ತಿರಲಿಲ್ಲ, ಮತ್ತು ತನಗೆ ತಿಳಿಯದ ಮಾತು ತನ್ನ ಮನೆಯಲ್ಲಿ ನಡೆಯುವುದು ಆಕೆಗೆ ಸಹನೆಯಾಗುತ್ತಿರಲಿಲ್ಲ. ಸೊಸೆ ತನ್ನನ್ನೇ ಬಯ್ಯುತ್ತಿದ್ದಾಳೆ ಅನ್ನುವ ಗುಮಾನಿ. ನಾನು ಹುಟ್ಟಿದ ಮೇಲೆ ಇನ್ನೊಂದು ನೆಪ ಸಿಕ್ಕಿತು.

"ಕೂಸಿನ ನಾಲಿಗಿ ಕೆಡಿಸಬ್ಯಾಡ. ಎರಡ ಮಾತ ಕಲಿಸಿದ್ರ ಒಂದೂ ಬರೂದಿಲ್ಲ."

ಅವ್ವ ವಾದ ಮಾಡುವವಳಲ್ಲ. ಕೊಂಕಣಿಯನ್ನು ಹಾಗೇ ಎತ್ತಿಕೊಂಡು ಹಿತ್ತಲಿನ ಕೊಟ್ಟಿಗೆಗೆ ಹೋದಳು.

ಅಡುಗೆಮನೆಗೂ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ. ಗೌಂಡಿಯ ಮನೆಯ ಗೋಡೆ ಹೇಗಿರಬೇಕೋ ಹಾಗಿತ್ತು, ಅಂದರೆ ಊರಿನ ಗೋಡೆಗಳೆಲ್ಲ ನೆಟ್ಟಗಿದ್ದು ನಮ್ಮದು ಮಾತ್ರ ಅರ್ಧಕ್ಕೆ ನಿಂತಿತ್ತು. ಮೇಲೆ ಬಿಟ್ಟಿದ್ದ ಸಂದಿನಲ್ಲಿ ಒಲೆಯ ಹೊಗೆ ಆ ಕಡೆ ಹೋಗುತ್ತಿತ್ತು, ಅವ್ವನ ದನಿ ಈ ಕಡೆ ಬರುತ್ತಿತ್ತು. ನಾನು ಮಲಗುತ್ತಿದ್ದದ್ದು ಆ ಗೋಡೆಯ ಬುಡದಲ್ಲಿ. ಬೆಳಗಿನ ನಿದ್ದೆಯಲ್ಲಿ ನನಗೆ ಮೊದಲು ಕೇಳಿಸುತ್ತಿದ್ದದ್ದು ಹಾಲಿನ ಸದ್ದು, ಅದರ ಜೊತೆಗೆ ಅವ್ವನ ಮಾತು. ಬೇರೆ ಏನೇನೋ ಅನ್ನುತ್ತಿದ್ದಳು, ಆದರೆ ಒಂದು ಮಾತು ಮಾತ್ರ ದಿನವೂ ಬರುತ್ತಿತ್ತು, ಮತ್ತೆ ಮತ್ತೆ, ಜೋಗುಳದ ಹಾಗೆ. "ಮಾಕಾ ವರ್ಗೊ, ಮಾಕಾ ವರ್ಗೊ." ಎಮ್ಮೆಯ ಹೆಸರು ಮಾಕಾ ಎಂದು ನಮಗೆಲ್ಲ ತಿಳಿದದ್ದು ಹೀಗೆ. ಅಪ್ಪ ಮಾಕಾ ಅಂದ, ಆಯಿ ಮಾಕಾ ಅಂದಳು, ಓಣಿಯವರೂ ಮಾಕಾ ಅಂದರು. ಕೆರೆಗೆ ಹೊಡೆದುಕೊಂಡು ಹೋಗುವಾಗ ಹುಡುಗರು "ಏ ಮಾಕಾ" ಎಂದು ಕೂಗಿದರೆ ಅದು ತಿರುಗಿಯೂ ನೋಡುತ್ತಿತ್ತು. ಅವ್ವ ಅಂಥ ಹೊತ್ತಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಯಾಕೆ ನಗುತ್ತೀ ಎಂದು ನಾವು ಯಾರೂ ಕೇಳಲಿಲ್ಲ.

ಅವ್ವನ ಕನ್ನಡ ಸರಿಯಾಗಿಯೇ ಇತ್ತು, ಆದರೆ ಅದು ಕೆಲಸದ ಕನ್ನಡ. ನೀರು ತಾ, ಉಣ್ಣಾಕ ಬಾ, ಹೊತ್ತಾತು. ಅಷ್ಟರಲ್ಲೇ ಅವಳ ದಿನ ಮುಗಿಯುತ್ತಿತ್ತು. ಆಯಿಯ ಜೊತೆಗಿನ ಜಗಳ ಮಾತಿನಲ್ಲಿ ಅಲ್ಲ, ಊಟದಲ್ಲಿ ನಡೆಯುತ್ತಿತ್ತು. ಅವ್ವನಿಗೆ ಜೋಳದ ರೊಟ್ಟಿ ದುಂಡಗೆ ಬಡಿಯಲು ಕೊನೆಯವರೆಗೂ ಬರಲಿಲ್ಲ. ಆಯಿ ರೊಟ್ಟಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಇದೇನ ರೊಟ್ಟಿನೋ ಒಡದ ಹಂಚೋ?" ಎಂದು ಅಪ್ಪನಿಗೆ ಕೇಳಿಸುವಂತೆ ಕೇಳುತ್ತಿದ್ದಳು. ಅಪ್ಪ ಹಂಚಾದರೂ ತಿನ್ನುವವನು, ತಲೆ ಎತ್ತುತ್ತಿರಲಿಲ್ಲ. ಅವ್ವನಿಗೆ ಕುಚ್ಚಲಕ್ಕಿ ಗಂಜಿ ಆಗಬೇಕು. ಗಂಜಿ ಬೇನೆಯವರ ಊಟ, ಗಟ್ಟಿಮುಟ್ಟಾದವರು ಉಂಡರೆ ಮನೆಗೆ ಬೇನೆ ಬರುತ್ತದೆ ಎಂದು ಆಯಿಯ ಶಾಸ್ತ್ರ. ಹಾಗಾಗಿ ಅವ್ವ ಗಂಜಿಯ ಬಟ್ಟಲನ್ನೂ ಕೊಟ್ಟಿಗೆಗೇ ಒಯ್ದು, ಗೋದಲಿಯ ಕಟ್ಟೆಯ ಮೇಲೆ ಕುಳಿತು ಕುಡಿಯುತ್ತಿದ್ದಳು. ಆ ಸಂಜೆಗಳಲ್ಲಿ "ಮಾಕಾ ವರ್ಗೊ" ಬಹಳ ಸಲ ಕೇಳಿಸುತ್ತಿತ್ತು. ಆಯಿ ಗೋಡೆಯ ಈ ಕಡೆಯಿಂದ, "ಕ್ವಾಣನ ಮುಂದ ಕಿನ್ನರಿ ಬಾರಿಸೂದ ನಡದೈತಿ" ಎಂದು ನಗುತ್ತಿದ್ದಳು. ಜಗಳದ ದಿನ ಹಾಲು ಒಂದು ಲೋಟ ಹೆಚ್ಚೇ ಬರುತ್ತದೆ ಅನ್ನುವುದು ನಮ್ಮ ಮನೆಯ ಹಳೇ ಚೇಷ್ಟೆಯಾಗಿತ್ತು. ನಾನೂ ನಕ್ಕಿದ್ದೇನೆ.

ನಾನು ಹೈಸ್ಕೂಲು ಸೇರಿದ ವರ್ಷ ಅವ್ವ ಜ್ವರದಿಂದ ಹೋದಳು. ಕಾಯಿಲೆಯ ಕಥೆ ಬೇಡ. ಉಳಿದವರು ಮೂವರು, ಮತ್ತು ಮನೆಯಲ್ಲಿ ಒಂದೇ ಭಾಷೆ. ಅದೂ ಬಹಳ ನಡೆಯುತ್ತಿರಲಿಲ್ಲ. ಅಪ್ಪ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆ ಸಿಮೆಂಟಿನ ಕೈಯಲ್ಲಿ ಬಂದು ಗೋಡೆಗೆ ಒರಗುತ್ತಿದ್ದ. ಆಯಿಗೆ ಬಯ್ಯಲು ಜನ ಇಲ್ಲದೆ ಆಕೆಯ ಬಾಯಿಯೂ ಸೋತಿತು. ನಾನು ಶಾಲೆಯಿಂದ ಬಂದು ಪಾಟಿಚೀಲ ಇಳಿಸಿದರೆ ಆ ಸದ್ದು ಮನೆ ತುಂಬ ಕೇಳುತ್ತಿತ್ತು. ಅಷ್ಟು ಒಂಟಿತನವನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಮೂವರು ಒಂದೇ ಒಲೆಯ ಮುಂದೆ ಕುಳಿತು ಮೂರು ಊರಿನವರ ಹಾಗೆ ಉಣ್ಣುತ್ತಿದ್ದೆವು.

ಮಾಕಾ ಆ ಸಲ ಈದಿತ್ತು. ಕರು ವಾರ ತುಂಬುವ ಮೊದಲೇ ಸತ್ತಿತ್ತು. ಕರುವಿಲ್ಲದ ಎಮ್ಮೆ ಅವ್ವನ ಕೈಗೆ, ಅವ್ವನ ದನಿಗೆ ಹಾಲು ಕೊಡುತ್ತಿತ್ತು. ಅವ್ವ ಹೋದ ಮೇಲೆ ಹಾಲನ್ನು ಮೇಲಕ್ಕೆ ಏರಿಸಿಕೊಂಡು ನಿಂತಿತು. ಎಮ್ಮೆ ಮನಸ್ಸು ಬಿಚ್ಚಿ ಕೆಚ್ಚಲಿಗೆ ಹಾಲು ಇಳಿಸುವುದಕ್ಕೆ ನಮ್ಮ ಕಡೆ ಸೊರ ಬಿಡುವುದು ಅನ್ನುತ್ತಾರೆ. ಮಾಕಾ ಸೊರ ಬಿಡಲಿಲ್ಲ. ಅಪ್ಪ ಕುಳಿತರೆ ಒದ್ದಿತು, ಆಯಿ ಕುಳಿತರೆ ಚರಿಗೆಯ ಮೇಲೇ ಕಾಲಿಟ್ಟಿತು. ಓಣಿಯ ಮುದುಕಿಯೊಬ್ಬಳು ಉಪಾಯ ಹೇಳಿದಳು. ಹಿಂಡುವವಳು ಇಲ್ಲವಾದರೆ ಅವಳ ಸೀರೆ ಉಟ್ಟುಕೊಂಡು ಕೂಡಬೇಕು, ಎಮ್ಮೆ ಸೀರೆಗೆ ಮೋಸ ಹೋಗುತ್ತದೆ. ನಮ್ಮ ಊರಿನಲ್ಲಿ ಗಂಡಸರೂ ಹೆಂಡತಿಯ ಸೀರೆ ಸುತ್ತಿಕೊಂಡು ಹಿಂಡಿದ್ದುಂಟು, ಅದಕ್ಕೆ ಯಾರೂ ನಗುತ್ತಿರಲಿಲ್ಲ. ನಾನು ಲಂಗದ ಮೇಲೆ ಅವ್ವನ ಹಸಿರು ಸೀರೆ ಸುತ್ತಿಕೊಂಡು ಕುಳಿತೆ. ಎಮ್ಮೆ ಮೂಸಿತು, ಒದೆಯಲಿಲ್ಲ, ಆದರೆ ಹಾಲೂ ಬಿಡಲಿಲ್ಲ. ಆಗ ನನಗೇ ತಿಳಿಯದಂತೆ ಅವ್ವನ ದನಿ ತೆಗೆದು "ಮಾಕಾ ವರ್ಗೊ" ಅಂದೆ. ಹಾಲು ಇಳಿಯಿತು. ಗೋಡೆಯ ಆ ಕಡೆ ಅಪ್ಪನ ಕೈಯಿಂದ ಚಹಾದ ಬಸಿ ಬಿದ್ದ ಸದ್ದು ಕೇಳಿತು.

ಅವತ್ತಿನಿಂದ ಬೆಳಿಗ್ಗೆ ಸಂಜೆ ನಾನು ಅವ್ವನಾಗಬೇಕಾಯಿತು. ಒಂದು ರಾತ್ರಿಯೂ ಎಲ್ಲಿಗೂ ಹೋಗುವ ಹಾಗಿಲ್ಲ, ಶಾಲೆಯ ಪ್ರವಾಸವಿಲ್ಲ, ಗೆಳತಿಯ ಅಕ್ಕನ ಮದುವೆಯಿಲ್ಲ. ಆಯಿಗೆ ಇದು ಸರಿಬರಲಿಲ್ಲ. ಆಕೆ ಹೇಳುವುದರಲ್ಲೂ ಅರ್ಥವಿತ್ತು.

"ನಾಳೆ ನೀ ಗಂಡನ ಮನಿಗೆ ಹೋಗಾಕಿ. ಸೀರಿ ಉಟ್ಟು ನಾಟಕ ಎಷ್ಟ ದಿನ ಮಾಡ್ತೀ? ಒಬ್ಬರ ಕೈಗೆ ಅಂಟಿದ ಎಮ್ಮಿ ಮನಿಗೆ ಬ್ಯಾಡ. ಸಂತಿಗೆ ಹೊಡೀಲಿ ನಿಮ್ಮಪ್ಪ."

"ನಾ ಹಿಂಡತೇನಿ ಆಯಿ. ಎಷ್ಟ ದಿನ ಆದ್ರೂ ಹಿಂಡತೇನಿ."

ಅವ್ವ ಮನಸ್ಸು ಬಿಚ್ಚಿ ಮಾತಾಡಿದ್ದು ಈ ಲೋಕದಲ್ಲಿ ಆ ಎಮ್ಮೆಯ ಜೊತೆ ಒಂದೇ. ಅದು ಹೋದರೆ ಅವ್ವನ ಮಾತು ಕೇಳಿದ ಕಿವಿಯೇ ಹೋದಂತೆ. ಇದನ್ನು ಆಯಿಗೆ ಹೇಳುವ ಧೈರ್ಯ ನನಗಿರಲಿಲ್ಲ, ಹೇಳಿದ್ದರೂ ಎಮ್ಮೆಗೆ ಎರಡು ಕಿವಿ ಇವೆ, ಅದರಲ್ಲೇನು ಅನ್ನುತ್ತಿದ್ದಳು.

ಅದೇ ಚಳಿಗಾಲದಲ್ಲಿ ಮುಂಡಗೋಡದಲ್ಲಿ ಕೃಷಿ ಮೇಳ ಆಯಿತು. ಟ್ರ್ಯಾಕ್ಟರು, ಬೀಜ, ಗೊಬ್ಬರದ ಅಂಗಡಿಗಳ ಆಚೆ ಮೂಲೆಯಲ್ಲಿ ಶಾಲೆಯ ಮಕ್ಕಳಿಗೆಂದೇ ಒಂದು ಶಾಮಿಯಾನ ಹಾಕಿದ್ದರು. ದನ ಸಾಕುವುದನ್ನು ಭಾಷಣದಿಂದ ಅಲ್ಲ, ಕೈಯಿಂದ ಕಲಿಸುತ್ತಾರೆ ಎಂದು ನಮ್ಮ ಪಿ.ಟಿ. ಮಾಸ್ತರು ಹೇಳಿದರು. ಹಿಂಡಿ ತೋರಿಸಲು ಕರೆಯುವ ಎಮ್ಮೆ ಬೇಕು, ಹಿಂಡಲು ಬರುವ ಹುಡುಗಿಯೂ ಬೇಕು. ತರಗತಿಯಲ್ಲಿ ಹಾಲು ಹಿಂಡಲು ಯಾರಿಗೆ ಬರುತ್ತದೆ ಅಂದಾಗ ಹುಡುಗರೆಲ್ಲ ನನ್ನ ಕಡೆ ತಿರುಗಿದರು. ಅಪ್ಪ ಒಪ್ಪಿದ. ಅಷ್ಟು ಜನರ ಮುಂದೆ ಮಾಕಾ ಹಾಲು ಕೊಟ್ಟರೆ ಆಯಿಯ ಬಾಯಿ ಮುಚ್ಚೀತು ಎಂದು ನಾನು ಲೆಕ್ಕ ಹಾಕಿದ್ದೆ. ಬೆಳಿಗ್ಗೆ ಹಿಂಡದೆ ಕರೆತನ್ನಿ ಅಂದಿದ್ದರಿಂದ ಅಪ್ಪ ನಸುಕಿನಲ್ಲೇ ಅದನ್ನು ನಡೆಸಿಕೊಂಡು ಬಂದು, ಗೂಟಕ್ಕೆ ಕಟ್ಟಿ, ಕೆಲಸಕ್ಕೆ ಹೋದ. ನಾನು ಶಾಲೆಯ ಸಮವಸ್ತ್ರದಲ್ಲಿದ್ದೆ. ಅವ್ವನ ಸೀರೆ ಪಾಟಿಚೀಲದಲ್ಲಿತ್ತು.

ಕಲಿಸಲು ಬಂದಿದ್ದವರು ಒಬ್ಬ ಪಶು ಡಾಕ್ಟರಮ್ಮ. ಮೊಣಕಾಲಿನವರೆಗೆ ರಬ್ಬರ್ ಬೂಟು, ದೊಡ್ಡ ದನಿ. ಹಳಿಯಾಳ, ದಾಂಡೇಲಿ, ಜೊಯಿಡಾದ ಶಾಲೆಗಳಿಂದಲೂ ಮಕ್ಕಳು ಬಂದಿದ್ದರು. ದಾಂಡೇಲಿಯ ಬಂಗೂರನಗರದಿಂದ ಬಂದ ಒಬ್ಬ ಹುಡುಗನಂತೂ ಬಿಳಿ ಬೂಟು ಹಾಕಿಕೊಂಡು ಬಂದು ಸಗಣಿಯಲ್ಲಿ ಕಾಲಿಟ್ಟು ಅಳುವ ಮುಖ ಮಾಡಿದ. ಡಾಕ್ಟರಮ್ಮ ಅವನನ್ನೇ ಮೊದಲು ಕರೆದು ಹೋರಿಯ ಬಾಯಿ ಬಿಡಿಸಿದರು. ಹಲ್ಲು ನೋಡಿ ವಯಸ್ಸು ಹೇಳುವುದು, ಎದೆಗೆ ಟೇಪು ಸುತ್ತಿ ತೂಕ ಅಂದಾಜು ಮಾಡುವುದು, ಅಲ್ಲಿದ್ದ ಒಂದು ಹಸುವಿನ ಮೊದಲ ಎರಡು ಗೆರೆ ಹಾಲನ್ನು ಕರಿ ಬಟ್ಟೆಯ ಮೇಲೆ ಹಿಂಡಿ ಗಂಟು ಇದೆಯೇ ನೋಡುವುದು, ಎಲ್ಲ ಮಾಡಿಸಿದರು. ನಾವು ಹೆಬ್ಬೆರಳನ್ನು ಒಳಗೆ ಮಡಚಿ ಹಿಂಡುವುದನ್ನು ನೋಡಿ ನನ್ನ ಕೈಯನ್ನೇ ಹಿಡಿದು ಬಿಡಿಸಿದರು.

"ಈ ಗೆಣ್ಣು ಮೊಲೆಗೆ ಒತ್ತಿದರೆ ಒಳಗೆ ಗಾಯ ಆಗುತ್ತೆ. ಪೂರ್ತಿ ಮುಷ್ಟಿ ಹಿಡಿ. ನಿನ್ನ ಕಿರುಬೆರಳು ಯಾರಾದರೂ ಹೀಗೆ ಮಡಚಿ ಎಳೆದರೆ ಸುಮ್ಮನಿರುತ್ತೀಯಾ?"

ಹಾಗೆ ಅಂದು ನನ್ನ ಕಿರುಬೆರಳನ್ನು ಎಳೆದೂ ತೋರಿಸಿದರು. ಅದು ನಿಜವಾಗಿ ನೋಯಿತು. ಅವ್ವ ಯಾವಾಗಲೂ ಪೂರ್ತಿ ಮುಷ್ಟಿಯಿಂದಲೇ ಹಿಂಡುತ್ತಿದ್ದಳು ಎಂದು ಆಗ ನೆನಪಾಯಿತು.

ನನ್ನ ಸರದಿ ಬಂತು. ಎಮ್ಮೆಯ ಮುಖದ ಹತ್ತಿರ ಹಗ್ಗ ಹಿಡಿದು ನಿಲ್ಲಲು ಜೊಯಿಡಾದ ಶಾಲೆಯ ಒಬ್ಬ ಹುಡುಗಿಯನ್ನು ಕರೆದರು. ಸುಗಂಧಾ ಅಂತ ಅವಳ ಹೆಸರು, ಎರಡು ಜಡೆ, ನನ್ನದೇ ವಯಸ್ಸು. ನಾನು ಚೀಲದಿಂದ ಸೀರೆ ತೆಗೆದೆ. ಡಾಕ್ಟರಮ್ಮ ಅದು ಬೇಡ ಅಂದರು.

"ಸೀರೆ ಗೀರೆ ಬೇಡಮ್ಮ. ಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳಿ, ಮೆಲ್ಲಗೆ ತಿಕ್ಕು, ಮುಂದೆ ತಿನ್ನಲು ಹಿಂಡಿ ಇಡು. ಎಮ್ಮೆಗೆ ಹೆದರಿಕೆ ಇಲ್ಲದಿದ್ದರೆ ಸಾಕು."

ತೊಳೆದೆ, ತಿಕ್ಕಿದೆ, ಹಿಂಡಿಯನ್ನೂ ಇಟ್ಟರು. ಅಷ್ಟು ಮಕ್ಕಳು, ಮೈಕಿನ ಗದ್ದಲ, ಹೊಸ ಜಾಗ. ಮಾಕಾ ಏರಿಸಿಕೊಂಡು ನಿಂತಿತು. ಖಾಲಿ ಮೊಲೆ ಎಳೆದು ಎಳೆದು ನನ್ನ ಮುಖ ಬೆವರಿತು. ಹಿಂದೆ ಹುಡುಗರು ಕಿಸಕ್ಕೆಂದರು. ಮಾಸ್ತರು ಕೈಗಡಿಯಾರ ನೋಡಿಕೊಂಡರು. ನಾನು ಹಣೆಯನ್ನು ಎಮ್ಮೆಯ ಹೊಟ್ಟೆಗೆ ಒತ್ತಿ, ಯಾರಿಗೂ ಕೇಳಿಸದ ಹಾಗೆ ಅವ್ವನ ದನಿ ತೆಗೆದೆ. "ಮಾಕಾ ವರ್ಗೊ. ಮಾಕಾ ವರ್ಗೊ." ಕೆಚ್ಚಲು ಬಿಗಿಯಿತು, ಸೊರ ಬಿಟ್ಟಿತು, ಹಾಲು ಚರಿಗೆಯ ತಳಕ್ಕೆ ಬಿದ್ದ ಸದ್ದಿಗೆ ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಹಲ್ಲು ಕಿರಿಯುತ್ತ ತಲೆ ಎತ್ತಿದೆ. ಹಗ್ಗ ಹಿಡಿದಿದ್ದ ಸುಗಂಧಾ ನನ್ನನ್ನೇ ನೋಡುತ್ತಿದ್ದಳು.

"ನೀನು ಕೊಂಕಣಿಯವಳಾ?"

"ಅಲ್ಲ. ನಮ್ಮವ್ವ ನಿಮ್ಮ ಕಡೆಯಾಕಿ."

"ಮತ್ತೆ ಎಮ್ಮೆ ಹತ್ತಿರ ಕೊಂಕಣಿ ಮಾತಾಡಿದೆ. ಎಲ್ಲಿಗೆ ಹೋಗಬೇಕು ನಿನಗೆ?"

"ಎಲ್ಲಿಗೂ ಇಲ್ಲ. ಹೆಸರು ಹಿಡದು ಕರದೆ. ಮಾಕಾ ಅಂತ ಇದರ ಹೆಸರು."

ಸುಗಂಧಾ ನಗು ತಡೆಯಲಾರದೆ ಹಗ್ಗ ಬಿಟ್ಟಳು. ಕೆಟ್ಟ ನಗುವಲ್ಲ, ನಾನೇ ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು.

"ಅದು ಹೆಸರು ಹೇಗೆ ಆಗುತ್ತೆ? ಮಾಕಾ ಅಂದರೆ ನನ್ನನ್ನು ಅಂತ. ಮಾಕಾ ವ್ಹರ್ ಗೊ. ನನ್ನನ್ನು ಕರಕೊಂಡು ಹೋಗೇ ಅಂತ. ನಮ್ಮ ಅಕ್ಕ ಗಂಡನ ಮನೆಯಿಂದ ಫೋನ್ ಮಾಡಿದಾಗಲೆಲ್ಲ ಅಮ್ಮನಿಗೆ ಹೀಗೇ ಹೇಳಿ ಅಳುತ್ತಾಳೆ."

ನನ್ನ ಕೈ ಹಿಂಡುತ್ತಲೇ ಇತ್ತು. ಕೈಗೆ ಸುದ್ದಿ ಮುಟ್ಟಿರಲಿಲ್ಲ. ಡಾಕ್ಟರಮ್ಮ ಬಂದು ಬೆನ್ನು ತಟ್ಟಿದರು, ಮಾಸ್ತರು ಏನೋ ಹೊಗಳಿದರು, ಬಿಳಿ ಬೂಟಿನ ಹುಡುಗ ನನ್ನ ಜಾಗದಲ್ಲಿ ಕುಳಿತು ಒಂದು ಗೆರೆ ಹಾಲು ತೆಗೆದು ತನ್ನ ಮುಖಕ್ಕೇ ಹಾರಿಸಿಕೊಂಡ. ಎಲ್ಲರೂ ನಕ್ಕರು. ನಾನು ಶಾಮಿಯಾನದ ಹಿಂದೆ ಹೋಗಿ ಹುಲ್ಲಿನ ಪೆಂಡಿಯ ಮೇಲೆ ಕುಳಿತೆ. ಜಗಳದ ದಿನ ಹಾಲು ಹೆಚ್ಚು ಎಂದು ನಗುತ್ತಿದ್ದೆವಲ್ಲ. ಅಷ್ಟು ವರ್ಷ, ದಿನಕ್ಕೆರಡು ಹೊತ್ತು, ಗೋಡೆಯ ಆ ಕಡೆ ಕುಳಿತು ಅವ್ವ ಕರೆದುಕೊಂಡು ಹೋಗು ಎಂದು ಕೇಳುತ್ತಿದ್ದಳು, ಈ ಕಡೆ ಮಲಗಿ ನಾನು ಅದನ್ನು ಜೋಗುಳ ಮಾಡಿಕೊಂಡು ನಿದ್ದೆ ಹೋಗುತ್ತಿದ್ದೆ. ನನ್ನನ್ನು ಬಿಟ್ಟು ಹೋಗಬೇಕು ಅನ್ನಿಸಿತ್ತೇ ಅವಳಿಗೆ, ಇಲ್ಲವೇ ನನ್ನನ್ನೂ ಸೇರಿಸಿ ಕೇಳುತ್ತಿದ್ದಳೇ? ಇದು ನನಗೆ ಇವತ್ತಿಗೂ ತಿಳಿದಿಲ್ಲ. ಅವತ್ತು ಅದೊಂದಕ್ಕೇ ಬಹಳ ಅತ್ತೆ.

ಸಂಜೆ ಅಪ್ಪ ಬಂದ. ಮಾಸ್ತರು ಎಲ್ಲ ವರದಿ ಒಪ್ಪಿಸಿದ್ದರಿಂದ ಅಪ್ಪನ ಮುಖದಲ್ಲಿ ಅಪರೂಪದ ಕಳೆ ಇತ್ತು. ಎಮ್ಮೆಯ ಬೆನ್ನು ಚಪ್ಪರಿಸಿ, "ಮಾನಾ ಉಳಿಸಿದಿ ಮಾಕಾ" ಅಂದ. ಊರಿನ ದಾರಿ ಹಿಡಿದೆವು. ಮುಂದೆ ಎಮ್ಮೆ, ಹಿಂದೆ ನಾವಿಬ್ಬರು. ಗೋವಿನಜೋಳದ ಹೊಲಗಳನ್ನು ದಾಟುವವರೆಗೆ ತಡೆದುಕೊಂಡಿದ್ದೆ.

"ಅಪ್ಪಾ, ಮಾಕಾ ಅಂದ್ರ ಹೆಸರಲ್ಲಂತ."

"ಮತ್ತೇನಂತ?"

"ನನ್ನ ಅಂತ. ಮಾಕಾ ವರ್ಗೊ ಅಂದ್ರ, ನನ್ನ ಕರ್ಕೊಂಡ ಹೋಗಬೇ ಅಂತ. ಅವ್ವ ಎಮ್ಮಿ ಕರೀತಿದ್ದಿಲ್ಲಪ್ಪ."

"ಯಾರ ಹೇಳಿದ್ರು?"

"ಜೊಯಿಡಾದ ಹುಡುಗಿ."

ಅಪ್ಪ ಆಮೇಲೆ ಮನೆಯವರೆಗೂ ಎಮ್ಮೆಯನ್ನು ಹೆಸರು ಹಿಡಿದು ಕೂಗಲಿಲ್ಲ. ಅದು ಗದ್ದೆಗೆ ಬಾಯಿ ಹಾಕಿದಾಗ ಹಗ್ಗ ಎಳೆದ, ಅಷ್ಟೇ.

ಅವತ್ತು ಸಂಜೆ ಕೊಟ್ಟಿಗೆಯಲ್ಲಿ ಕುಳಿತೆ, ಆ ಮಾತು ಬಾಯಿಗೆ ಬರಲಿಲ್ಲ. ಅರ್ಥ ತಿಳಿಯದೆ ಅನ್ನುವುದು ಬೇರೆ. ಮಾಕಾ ಕಾದು ಕಾದು ತಿರುಗಿ ನನ್ನನ್ನು ನೋಡಿತು. ಹಾಲು ಇಳಿಯಲಿಲ್ಲ. ಆಯಿ ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು, ಮೇಳದ ಜನರ ಕಣ್ಣು ಬಿದ್ದಿದೆ ಎಂದು. ಘಾಟಿಗೆ ಕೆಮ್ಮಿದ್ದು ನಾವು ಮೂವರೇ.

"ಮಂದಿ ಮುಂದ ಕುಣಿಸಿ ತಂದ್ರಿ, ಈಗ ಮನಿಗೂ ಇಲ್ಲ. ಬರೂ ಸಂತಿಗೆ ಹೊಡದ ಬಿಡೋ. ಕೆಚ್ಚಲ ಬಾತರ ಅದನ್ನ ಕೇಳಾವರೂ ಇರೂದಿಲ್ಲ."

ಆಯಿ ಹೇಳಿದ್ದು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಹಾಲು ನಿಂತರೆ ಕೆಚ್ಚಲು ಕಲ್ಲಾಗುತ್ತದೆ ಎಂದು ಡಾಕ್ಟರಮ್ಮನೂ ಎಚ್ಚರಿಸಿದ್ದರು. ನಾನು ಒಂದು ಮಾತು ಅಂದರೆ ಎಮ್ಮೆ ಉಳಿಯುತ್ತದೆ. ಆ ಒಂದು ಮಾತು ಅನ್ನಲು ನನ್ನಿಂದ ಆಗುವುದಿಲ್ಲ.

ಬೆಳಿಗ್ಗೆ ಬೇಗ ಎದ್ದು ನೀರು ಬೆಚ್ಚಗೆ ಮಾಡಿಕೊಂಡು ಹೋದೆ. ಸೀರೆ ಉಡಲಿಲ್ಲ. ಮೇಳದಲ್ಲಿ ಕಲಿಸಿದ ಹಾಗೆ ಕೆಚ್ಚಲು ತೊಳೆದೆ, ಬಟ್ಟೆಯಿಂದ ಒರೆಸಿದೆ, ಮೇಲಿನಿಂದ ಕೆಳಗೆ ತಿಕ್ಕಿದೆ. ಕೆಚ್ಚಲು ಬಿರುಸಾಗಿತ್ತು, ಮುಟ್ಟಿದರೆ ಎಮ್ಮೆ ನಡುಗುತ್ತಿತ್ತು. ಮುಷ್ಟಿ ಹಿಡಿದೆ, ಒಂದು ಹನಿ ಬರಲಿಲ್ಲ. ಅಳು ಬಂತು. ಆಗ ಹಿಂದೆ ಯಾರೋ ಕುಕ್ಕರಗಾಲಿನಲ್ಲಿ ಕುಳಿತ ಹಾಗಾಯಿತು. ಅಪ್ಪ. ಹಿಂಡುವ ಹೊತ್ತಿಗೆ ಅಪ್ಪ ಕೊಟ್ಟಿಗೆಗೆ ಬಂದದ್ದನ್ನು, ಅವ್ವ ಬದುಕಿದ್ದಾಗ, ನಾನು ಒಮ್ಮೆಯೂ ನೋಡಿರಲಿಲ್ಲ. ಸಿಮೆಂಟು ತಿಂದು ಒಡೆದ ಅವನ ಕೈ ಎಮ್ಮೆಯ ಹೊಟ್ಟೆಯ ಮೇಲೆ ಸುಮ್ಮನೆ ಇತ್ತು.

"ರೇಣವ್ವಾ."

"ಹೂಂ," ಅಂದೆ.

"ನಿಮ್ಮವ್ವನ ಮಾತಿನಾಗ, ಹೋಗೂಣು ಬಾ ಅನ್ನಾಕ ಏನ ಅಂತಾರ?"

"ಗೊತ್ತಿಲ್ಲಪ್ಪ. ನಾ ಕೇಳಲಿಲ್ಲ ಆಕಿನ್ನ."

ಅಪ್ಪ ಹಣೆಯನ್ನು ಎಮ್ಮೆಯ ಹೊಟ್ಟೆಗೆ ಆನಿಸಿ, ತನಗೆ ಬರುವ ಒಂದೇ ಭಾಷೆಯಲ್ಲಿ, ಬಹಳ ಮೆಲ್ಲಗೆ ಶುರು ಮಾಡಿದ.

"ಹೋಗೂಣು ಬಾ. ಹೋಗೂಣು ಬಾ."

ನನ್ನ ಕೈಯ ಕೆಳಗೆ ಕೆಚ್ಚಲು ಸಡಿಲಾಯಿತು. ತಿಕ್ಕಿದ್ದಕ್ಕೋ, ಬೆಚ್ಚಗಿನ ನೀರಿಗೋ, ನಾನು ಹೇಳಲಾರೆ. ಮೊದಲು ಒಂದು ಎಳೆ ಬಂತು, ನಿಂತಿತು, ಮತ್ತೆ ಬಂತು. ನಾನು ಹಿಂಡಿದೆ. ಗೋಡೆಯ ಆ ಕಡೆ ಆಯಿ ಚಹಾದ ನೀರು ಇಟ್ಟು, ಹಾಲು ತಾರೇ ಎಂದು ಕೂಗಿದಳು. ಹಾಲು ಪೂರ್ತಿ ಇಳಿದು ಮೊಲೆ ಬತ್ತಿತು, ನಾನು ಚರಿಗೆ ಎತ್ತಿಕೊಂಡು ಎದ್ದು ನಿಂತೆ. ಅಪ್ಪ ಇನ್ನೂ ಅನ್ನುತ್ತಲೇ ಇದ್ದ.